ಗೋಡೆಯೊಳಗಿನ ಗಾಳಿ: ಚಳಿನಾಡಿನ ಗ್ಯಾರೇಜಿನ ಚರಿತ್ರೆ

ನನ್ನ ಹಳೆಯ ವಿದ್ಯಾರ್ಥಿಗಳಲ್ಲಿ ಹಲವರು ಈಗ ಕೆನಡಾದಲ್ಲಿಯೂ ಅಮೆರಿಕದ ಉತ್ತರದ ರಾಜ್ಯಗಳಲ್ಲಿಯೂ ನೆಲೆಸಿದ್ದಾರೆ. ಅಕ್ಟೋಬರ್ ತಿಂಗಳು ಬಂತೆಂದರೆ ಅವರ ಪತ್ರಗಳಲ್ಲಿ ಒಂದು ವಿಷಯ ತಪ್ಪದೆ ಕಾಣಿಸಿಕೊಳ್ಳುತ್ತದೆ. “ಸರ್, ಈ ವರ್ಷ ಗ್ಯಾರೇಜಿನ ಗೋಡೆಗೆ ಇನ್ಸುಲೇಷನ್ ಹಾಕಿಸಬೇಕೆಂದಿದ್ದೇವೆ. ಚಳಿಗಾಲದ ಆರು ತಿಂಗಳು ಅದು ವ್ಯರ್ಥವಾಗುತ್ತಿದೆ.” ಒಬ್ಬರಿಗೆ ಅಲ್ಲಿ ಬಡಗಿ ಕೆಲಸದ ಹವ್ಯಾಸಕ್ಕೆ ಜಾಗ ಬೇಕು, ಇನ್ನೊಬ್ಬರಿಗೆ ಮಗಳ ಭರತನಾಟ್ಯದ ಅಭ್ಯಾಸಕ್ಕೆ. ಹಿಂದೊಮ್ಮೆ ಇದೇ ಪುಟದಲ್ಲಿ ನಮ್ಮ ಹಳ್ಳಿಯ ಮನೆಗಳ ಬಗೆಗೆ ಬರೆದಾಗ ಅವರಲ್ಲೊಬ್ಬರು, “ನಮ್ಮ ಗ್ಯಾರೇಜಿಗೂ ಒಂದು ಚರಿತ್ರೆ ಇದೆಯೇ?” ಎಂದು ಕೇಳಿದ್ದರು. ಇದೆ. ಅದು ನಾನು ಎಣಿಸಿದ್ದಕ್ಕಿಂತ ಗಂಭೀರವಾದ ಚರಿತ್ರೆ ಎಂಬುದು ಓದುತ್ತಾ ಹೋದಂತೆ ತಿಳಿಯಿತು.

ಮೊದಲು ಪದದ ಮಾತು. ನಮ್ಮ ಕಡೆ ಗ್ಯಾರೇಜು ಎಂದರೆ ಗಾಡಿ ರಿಪೇರಿ ಮಾಡುವ ಸ್ಥಳ. ಮನೆಯ ಪಕ್ಕದಲ್ಲಿ ಕಾರು ನಿಲ್ಲಿಸುವುದಕ್ಕೆ ಕಾರ್ ಶೆಡ್ಡು ಎನ್ನುತ್ತೇವೆ. ಇದು ಫ್ರೆಂಚ್ ಭಾಷೆಯಿಂದ ಬಂದ ಪದ. ಆಸರೆಯಲ್ಲಿ ಇರಿಸುವುದು ಎಂಬ ಅರ್ಥದ ಕ್ರಿಯಾಪದ ಅದರ ಮೂಲ. ಇಂಗ್ಲಿಷಿಗೆ ಅದು 20ನೆಯ ಶತಮಾನದ ಆರಂಭದಲ್ಲಿ, ಮೋಟಾರು ಗಾಡಿಯ ಜೊತೆಜೊತೆಗೇ ಬಂದಿತು. ಅದಕ್ಕೆ ಮುನ್ನ ಉತ್ತರ ಅಮೆರಿಕದ ಸ್ಥಿತಿವಂತರ ಮನೆಗಳ ಹಿಂದೆ ಕುದುರೆಲಾಯವೂ ಸಾರೋಟು ನಿಲ್ಲಿಸುವ ಕೊಟ್ಟಿಗೆಯೂ ಇರುತ್ತಿದ್ದವು. ಮೊದಲ ಮೋಟಾರುಗಳು ನಿಂತದ್ದು ಅಲ್ಲಿಯೇ. 1908ರಲ್ಲಿ ಫೋರ್ಡ್ ಕಂಪನಿಯ ಮಾಡೆಲ್ ಟಿ ಬಂದಿತು. 1927ರಲ್ಲಿ ಅದರ ತಯಾರಿಕೆ ನಿಲ್ಲುವ ಹೊತ್ತಿಗೆ ಸುಮಾರು 1.5 ಕೋಟಿ ಗಾಡಿಗಳು ಹೊರಬಂದಿದ್ದವು. ಕುದುರೆಯನ್ನೇ ಕಟ್ಟದಿದ್ದ ಸಾಮಾನ್ಯ ಸಂಸಾರಗಳೂ ಕಾರು ಕೊಂಡವು. ಅದನ್ನು ನಿಲ್ಲಿಸಲು ಹಿತ್ತಲಿನಲ್ಲಿ, ಮನೆಗೆ ತಾಗದಂತೆ, ಹಲಗೆಯ ಪುಟ್ಟ ಕಟ್ಟಡಗಳು ಎದ್ದವು. ಮನೆಗೆ ತಾಗದಂತೆ ಕಟ್ಟಲು ಕಾರಣ ಪೆಟ್ರೋಲಿನ ಭಯ. ಬೆಂಕಿ ಹತ್ತಿದರೆ ಗ್ಯಾರೇಜು ಹೋಗಲಿ, ಮನೆ ಉಳಿಯಲಿ ಎಂಬ ಲೆಕ್ಕಾಚಾರ.

ಈ ಕಟ್ಟಡಗಳ ಗೋಡೆ ಒಂದೇ ಪದರ ಹಲಗೆಯದು. ಒಳಗಿನ ಚಳಿಗೂ ಹೊರಗಿನ ಚಳಿಗೂ ಹೆಚ್ಚಿನ ವ್ಯತ್ಯಾಸವಿರುತ್ತಿರಲಿಲ್ಲ. ಇಂಜಿನ್ನಿನ ನೀರು ಹೆಪ್ಪುಗಟ್ಟಿ ಹಿಗ್ಗಿದರೆ ಕಬ್ಬಿಣದ ಎರಕವೇ ಸೀಳುತ್ತಿತ್ತು. ಆದ್ದರಿಂದ ಚಳಿಗಾಲದಲ್ಲಿ ರಾತ್ರಿ ರೇಡಿಯೇಟರಿನ ನೀರನ್ನು ಬಸಿದು, ಬೆಳಿಗ್ಗೆ ಬಿಸಿನೀರು ಹೊಯ್ಯುವವರಿದ್ದರು. ಇನ್ನು ಹಲವರು ಹಿಮ ಬೀಳುತ್ತಲೇ ಗಾಡಿಯನ್ನು ಮರದ ದಿಮ್ಮಿಗಳ ಮೇಲೆ ಎತ್ತಿ ನಿಲ್ಲಿಸಿ ವಸಂತದವರೆಗೆ ಮರೆತುಬಿಡುತ್ತಿದ್ದರು. ಹೇಗಿದ್ದರೂ ಹಳ್ಳಿಗಾಡಿನ ರಸ್ತೆಗಳು ಹಿಮದಡಿ ಹೂತುಹೋಗಿರುತ್ತಿದ್ದವು.

ಹಾಗೆ ಕಾರುಗಳು ನಿದ್ರಿಸುತ್ತಿದ್ದ ಚಳಿಗಾಲವನ್ನೇ ಕೆಲಸದ ಕಾಲವನ್ನಾಗಿ ಮಾಡಿಕೊಂಡ ಒಬ್ಬನ ಕಥೆಯನ್ನು ಇಲ್ಲಿ ಹೇಳಲೇಬೇಕು. ಕೆನಡಾದ ಕ್ವಿಬೆಕ್ ಪ್ರಾಂತದ ವಾಲ್‌ಕೂರ್ ಎಂಬ ಊರಿನಲ್ಲಿ 1907ರಲ್ಲಿ ಹುಟ್ಟಿದ ಜೋಸೆಫ್-ಆರ್ಮಾಂಡ್ ಬೊಂಬಾರ್ಡಿಯೆ ಎಂಬಾತನಿಗೆ 1926ರಲ್ಲಿ, ಅವನ 19ನೆಯ ವಯಸ್ಸಿನಲ್ಲಿ, ತಂದೆಯ ನೆರವಿನಿಂದ ಒಂದು ಗ್ಯಾರೇಜು ದೊರೆಯಿತು. ಬೇಸಿಗೆಯಲ್ಲಿ ಊರವರ ಗಾಡಿ ರಿಪೇರಿ. ಚಳಿಗಾಲದಲ್ಲಿ ರಿಪೇರಿಗೆ ಗಾಡಿಗಳೇ ಬಾರದಿದ್ದುದರಿಂದ ಹಿಮದ ಮೇಲೆ ಓಡುವ ವಾಹನದ ಪ್ರಯೋಗ. 1934ರ ಚಳಿಗಾಲದಲ್ಲಿ ಅವನ ಎರಡು ವರ್ಷದ ಮಗ ಈವೊನ್‌ಗೆ ಕರುಳುಬಾಲದ ಉರಿಯೂತ ವಿಷಮಿಸಿತು. ಆಸ್ಪತ್ರೆ ಇದ್ದದ್ದು ಸುಮಾರು 50 ಕಿಲೋಮೀಟರು ದೂರದ ಶೆರ್‌ಬ್ರುಕ್ ನಗರದಲ್ಲಿ. ರಸ್ತೆ ಹಿಮದಲ್ಲಿ ಮುಚ್ಚಿಹೋಗಿತ್ತು. ಹಿಮದಲ್ಲಿ ಓಡುವ ವಾಹನವಿನ್ನೂ ಸಿದ್ಧವಾಗಿರಲಿಲ್ಲ. ಮಗು ಉಳಿಯಲಿಲ್ಲ. ಆ ತಂದೆ ಮತ್ತೆ ಗ್ಯಾರೇಜಿಗೆ ಹೋದ. ಹಲ್ಲುಚಕ್ರ ಮತ್ತು ರಬ್ಬರಿನ ಪಟ್ಟಿಯ ಚಾಲನವ್ಯವಸ್ಥೆಯೊಂದನ್ನು ರೂಪಿಸಿ 1937ರಲ್ಲಿ ಪೇಟೆಂಟ್ ಪಡೆದ. ಏಳು ಜನ ಕೂರಬಹುದಾದ ಅವನ ಹಿಮವಾಹನವೂ ಅದರ ನಂತರದ ದೊಡ್ಡ ಮಾದರಿಗಳೂ ರೋಗಿಗಳನ್ನು, ವೈದ್ಯರನ್ನು, ಅಂಚೆಯನ್ನು, ಶಾಲೆಯ ಮಕ್ಕಳನ್ನು ಹೊತ್ತು ಓಡಾಡಿದವು. ಆ ಗ್ಯಾರೇಜನ್ನು ಇಂದಿಗೂ ವಾಲ್‌ಕೂರಿನ ವಸ್ತುಸಂಗ್ರಹಾಲಯದಲ್ಲಿ ಕಾಪಾಡಿದ್ದಾರೆ. ಚಳಿಗಾಲದಲ್ಲಿ ಕೆಲಸ ಮಾಡಲು ಒಂದು ಕೋಣೆ ಎಂಬುದು ಕೇವಲ ಹವ್ಯಾಸದ ಮಾತಲ್ಲವೆಂದು ತೋರಿಸಲು ಈ ಒಂದು ಉದಾಹರಣೆ ಸಾಕು.

ಆದರೆ ಗ್ಯಾರೇಜಿನ ಬಾಗಿಲು ಮುಚ್ಚಿ ಒಳಗೆ ಬೆಚ್ಚಗಿರುವುದರಲ್ಲಿ ಒಂದು ಅಪಾಯವೂ ಅಡಗಿತ್ತು. ಇಂಜಿನ್ನು ಬಿಸಿಯಾಗಲೆಂದು ಬಾಗಿಲು ತೆರೆಯದೆ ಗಾಡಿಯನ್ನು ಚಾಲೂ ಮಾಡಿದವರು ಅಲ್ಲಿಯೇ ಕುಸಿದು ಪ್ರಾಣ ಬಿಡುತ್ತಿದ್ದರು. ಯೇಲ್ ವಿಶ್ವವಿದ್ಯಾಲಯದ ಯಾಂಡೆಲ್ ಹೆಂಡರ್ಸನ್ ಮತ್ತು ಹೊವರ್ಡ್ ಹ್ಯಾಗರ್ಡ್ ಎಂಬ ಶರೀರಶಾಸ್ತ್ರಜ್ಞರು 1920ರ ದಶಕದ ಆರಂಭದಲ್ಲಿ ಈ ವಿಷಯವನ್ನು ಅಧ್ಯಯನ ಮಾಡಿದರು. ಹೊಗೆಯಲ್ಲಿರುವ ಕಾರ್ಬನ್ ಮಾನಾಕ್ಸೈಡ್ ಅನಿಲಕ್ಕೆ ಬಣ್ಣವಿಲ್ಲ, ವಾಸನೆಯಿಲ್ಲ. ಅದು ರಕ್ತದಲ್ಲಿ ಆಮ್ಲಜನಕದ ಸ್ಥಾನವನ್ನು ಆಕ್ರಮಿಸುತ್ತದೆ. ಮುಚ್ಚಿದ ಚಿಕ್ಕ ಗ್ಯಾರೇಜಿನಲ್ಲಿ ಕೆಲವೇ ನಿಮಿಷಗಳಲ್ಲಿ ಅದು ಮಾರಕ ಪ್ರಮಾಣಕ್ಕೆ ಏರಬಲ್ಲದೆಂದು ಅವರ ಕೆಲಸದಿಂದ ಖಚಿತವಾಯಿತು. ಇದನ್ನು ಏಕೆ ಮೊದಲೇ ಹೇಳುತ್ತಿದ್ದೇನೆಂದರೆ, ಗೋಡೆಯ ಸಂದುಗಳನ್ನು ಮುಚ್ಚುವ ಕೆಲಸ ಬೆಚ್ಚಗನ್ನು ಮಾತ್ರ ಒಳಗಿಡುವುದಿಲ್ಲ, ಇರುವುದೆಲ್ಲವನ್ನೂ ಒಳಗಿಡುತ್ತದೆ.

ಈಗ ಬೆಚ್ಚಗಿನ ವಿಚಾರಕ್ಕೆ ಬರೋಣ. ತರಗತಿಯಲ್ಲಿ ನಾನು ಆಗಾಗ ಕೇಳುತ್ತಿದ್ದ ಒಂದು ಪ್ರಶ್ನೆ ನಿಮಗೆ ನೆನಪಿರಬಹುದು: ಮಂಜುಗಡ್ಡೆಯೊಂದನ್ನು ಕಂಬಳಿಯಲ್ಲಿ ಸುತ್ತಿಟ್ಟರೆ ಬೇಗ ಕರಗುತ್ತದೆಯೋ, ತಡವಾಗಿಯೋ? ಹೆಚ್ಚಿನವರು “ಬೇಗ, ಕಂಬಳಿ ಬಿಸಿಯಲ್ಲವೇ” ಎನ್ನುತ್ತಿದ್ದಿರಿ. ಕಂಬಳಿ ಬಿಸಿಯಲ್ಲ. ಅದು ಬಿಸಿಯನ್ನು ಹುಟ್ಟಿಸುವುದೂ ಇಲ್ಲ. ಉಣ್ಣೆಯ ಎಳೆಗಳ ನಡುವೆ ಸಿಕ್ಕಿಕೊಂಡ ಗಾಳಿ ಕದಲದೆ ನಿಲ್ಲುತ್ತದೆ. ನಿಂತ ಗಾಳಿಯ ಮೂಲಕ ಶಾಖ ಬಹಳ ನಿಧಾನವಾಗಿ ಹಾಯುತ್ತದೆ. ಒಳಗೆ ಕುರುಬನಿದ್ದರೆ ಅವನ ಮೈಬಿಸಿ ಹೊರಗೆ ಹೋಗದು, ಮಂಜುಗಡ್ಡೆಯಿದ್ದರೆ ಹೊರಗಿನ ಬಿಸಿ ಒಳಗೆ ಬಾರದು. ಉಷ್ಣನಿರೋಧದ ಶಾಸ್ತ್ರವೆಲ್ಲ ಈ ಒಂದು ಮಾತಿನ ವಿಸ್ತರಣೆಯೆಂದರೆ ತಪ್ಪಾಗದು.

ಇದಕ್ಕೆ ಭಾರತದ ನೆಲದಲ್ಲಿಯೇ ಒಂದು ದೊಡ್ಡ ಪ್ರಯೋಗ ನಡೆದಿತ್ತು. 1833ರಲ್ಲಿ ಬಾಸ್ಟನ್ನಿನ ವ್ಯಾಪಾರಿ ಫ್ರೆಡರಿಕ್ ಟ್ಯೂಡರ್ ಎಂಬಾತನು ‘ಟಸ್ಕನಿ’ ಎಂಬ ಹಡಗಿನಲ್ಲಿ ಸುಮಾರು 180 ಟನ್ ಮಂಜುಗಡ್ಡೆಯನ್ನು ಕಲ್ಕತ್ತೆಗೆ ಕಳುಹಿಸಿದ. ನಾಲ್ಕು ತಿಂಗಳ ಯಾನ. ಎರಡು ಬಾರಿ ಭೂಮಧ್ಯರೇಖೆ ದಾಟಬೇಕಾದ ಹಾದಿ. ಆದರೂ ಸುಮಾರು 100 ಟನ್ ಉಳಿದು ಬಂದಿತು. ಹಡಗಿನಲ್ಲಿ ಅದನ್ನು ಕಾಪಾಡಿದ್ದು ಯಾವ ಯಂತ್ರವೂ ಅಲ್ಲ. ಚರ್ಮ ಹದಮಾಡುವವರು ಬಳಸಿ ಬಿಸಾಡಿದ, ಒಣಗಿಸಿದ ಮರದ ತೊಗಟೆ ಮತ್ತು ಒಣಹುಲ್ಲು. ಮದರಾಸಿನ ಕಡಲತೀರದಲ್ಲಿರುವ ಐಸ್ ಹೌಸ್ ಆ ವ್ಯಾಪಾರದ ಸ್ಮಾರಕ.

ಸಾಮಿಲ್ಲುಗಳಲ್ಲಿ ಬಿಟ್ಟಿಯಾಗಿ ಸಿಗುತ್ತಿದ್ದ ಮರದ ಹೊಟ್ಟನ್ನು ಅಮೆರಿಕ, ಕೆನಡಾಗಳ ಬಡ ಸಂಸಾರಗಳು ಮನೆಯ ಗೋಡೆಯ ಎರಡು ಹಲಗೆಗಳ ನಡುವೆ ತುಂಬಿದವು. ಹೊಟ್ಟಿಲ್ಲದ ಕಡೆ ಹುಲ್ಲು, ಹಳೆಯ ಪತ್ರಿಕೆ, ಮರದ ಹೆರೆ. ಕಡಲತೀರದಲ್ಲಿದ್ದವರು ದಡಕ್ಕೆ ಬಂದು ಬೀಳುತ್ತಿದ್ದ ಈಲ್‌ಗ್ರಾಸ್ ಎಂಬ ಕಡಲಹುಲ್ಲನ್ನು ಒಣಗಿಸಿ ತುಂಬಿದರು. ಬಾಸ್ಟನ್ನಿನ ಸ್ಯಾಮ್ಯುಯೆಲ್ ಕ್ಯಾಬಟ್ ಎಂಬುವರು 1890ರ ದಶಕದಲ್ಲಿ ಈ ಹುಲ್ಲನ್ನು ದಪ್ಪ ಕಾಗದಗಳ ನಡುವೆ ಹೊಲಿದು, ನಮ್ಮ ಕೌದಿಯ ಹಾಗೆ ಮಾಡಿ ಮಾರತೊಡಗಿದರು. 1911ರಲ್ಲಿ ಅಂಟಾರ್ಕ್ಟಿಕಾದಲ್ಲಿ ಕ್ಯಾಪ್ಟನ್ ಸ್ಕಾಟ್‌ನ ತಂಡ ಕಟ್ಟಿದ ಗುಡಿಸಲಿನ ಗೋಡೆಗಳೊಳಗೂ ಇಂಥದೇ ಕಡಲಹುಲ್ಲಿನ ಕೌದಿಗಳಿದ್ದವು. ಆದರೆ 1930ರ ದಶಕದ ಆರಂಭದಲ್ಲಿ ಅಟ್ಲಾಂಟಿಕ್ ತೀರದ ಈಲ್‌ಗ್ರಾಸ್ ಒಂದು ರೋಗಕ್ಕೆ ತುತ್ತಾಗಿ ಬಹುಪಾಲು ನಾಶವಾಯಿತು.

ಸರಿಸುಮಾರು ಅದೇ ವೇಳೆಗೆ ಹೊಸ ವಸ್ತುವೊಂದು ಬಂದಿತು. 1932ರಲ್ಲಿ ಅಮೆರಿಕದ ಒಂದು ಗಾಜಿನ ಕಾರ್ಖಾನೆಯಲ್ಲಿ ಡೇಲ್ ಕ್ಲೈಸ್ಟ್ ಎಂಬ ಯುವ ಸಂಶೋಧಕನು ಗಾಜಿನ ಇಟ್ಟಿಗೆಗಳನ್ನು ಬೆಸೆಯಲು ಯತ್ನಿಸುತ್ತಿದ್ದಾಗ, ರಭಸದ ಗಾಳಿಯ ಧಾರೆ ಕರಗಿದ ಗಾಜಿಗೆ ತಗುಲಿ, ಅದು ಸಣ್ಣ ಎಳೆಗಳಾಗಿ ಚಿಮ್ಮಿತು. ಅವನ ಮೇಲಿನ ಅಧಿಕಾರಿ ಗೇಮ್ಸ್ ಸ್ಲೇಟರ್ ಆ ಆಕಸ್ಮಿಕದ ಬೆಲೆಯನ್ನು ಗುರುತಿಸಿ ಅದನ್ನು ಕೈಗಾರಿಕೆಯ ಕ್ರಮವನ್ನಾಗಿ ಬೆಳೆಸಿದ. 1938ರಲ್ಲಿ ಅದಕ್ಕಾಗಿಯೇ ಓವೆನ್ಸ್ ಕಾರ್ನಿಂಗ್ ಎಂಬ ಕಂಪನಿ ಸ್ಥಾಪನೆಯಾಯಿತು. ಇಂದು ನೀವು ಅಂಗಡಿಯಿಂದ ಸುರುಳಿಗಟ್ಟಲೆ ಹೊತ್ತು ತರುವ ಗುಲಾಬಿ ಬಣ್ಣದ ಗಾಜಿನ ಉಣ್ಣೆ ಅದೇ. ಬಣ್ಣ ಸೇರಿದ್ದು 1956ರಲ್ಲಿ. ಇಲ್ಲಿಯೂ ಕೆಲಸ ಮಾಡುವುದು ಗಾಜಲ್ಲ, ಅದರ ಎಳೆಗಳಲ್ಲಿ ಸಿಕ್ಕಿಕೊಂಡ ಗಾಳಿ. ಆದುದರಿಂದಲೇ ಅದನ್ನು ಒತ್ತಿ ಒತ್ತಿ ತುಂಬಬಾರದು ಎನ್ನುತ್ತಾರೆ. ಎರಡು ಗೋಣಿಯಷ್ಟು ಅರಳೆಯನ್ನು ಒಂದು ದಿಂಬಿಗೆ ತುರುಕಿದರೆ ಅದು ಕಲ್ಲಾಗುವುದಲ್ಲವೇ?

ಗಾಜಿನ ಉಣ್ಣೆಯಿಂದ ಸಮಸ್ಯೆ ಬಗೆಹರಿಯಿತೆಂದು ಎಲ್ಲರೂ ತಿಳಿದಿದ್ದಾಗ ಒಂದು ವಿಚಿತ್ರ ದೂರು ಕೇಳಿಬಂದಿತು. ಹೊಸದಾಗಿ ಇನ್ಸುಲೇಷನ್ ತುಂಬಿಸಿದ ಮನೆಗಳ ಹೊರಗೋಡೆಯ ಬಣ್ಣ ಗುಳ್ಳೆಯೆದ್ದು ಕಿತ್ತುಬರತೊಡಗಿತು. ಇಂಥ ಮನೆಗಳಿಗೆ ಬಣ್ಣ ಬಳಿಯಲಾರೆವೆಂದು ಬಣ್ಣದ ಕೆಲಸದವರು ಹಟ ಹಿಡಿದರು. ವಿಸ್ಕಾನ್ಸಿನ್ ರಾಜ್ಯದ ಮ್ಯಾಡಿಸನ್ನಿನಲ್ಲಿದ್ದ ಅರಣ್ಯೋತ್ಪನ್ನ ಪ್ರಯೋಗಾಲಯದಲ್ಲಿಯೂ, ಮಿನೆಸೋಟ ವಿಶ್ವವಿದ್ಯಾಲಯದಲ್ಲಿ ಫ್ರಾಂಕ್ ರೌಲಿ ಎಂಬ ಪ್ರಾಧ್ಯಾಪಕರ ಕೈಕೆಳಗೂ 1930ರ ದಶಕದ ಕೊನೆಯಲ್ಲಿ ಇದರ ಕಾರಣವನ್ನು ಹುಡುಕಿದರು. ಕಾರಣ ನಮಗೆಲ್ಲ ಗೊತ್ತಿರುವಂಥದೇ. ತಣ್ಣೀರಿನ ಲೋಟದ ಹೊರಮೈ ಬೇಸಿಗೆಯಲ್ಲಿ ಬೆವರುವುದನ್ನು ನೋಡಿದ್ದೀರಿ. ಅಡುಗೆ, ಸ್ನಾನ, ಉಸಿರು ಇವುಗಳಿಂದ ಮನೆಯೊಳಗೆ ಹುಟ್ಟುವ ನೀರಾವಿ ಗೋಡೆಯೊಳಕ್ಕೆ ನುಸುಳುತ್ತದೆ. ಬರಿಯ ಗೋಡೆಯಿದ್ದಾಗ ಮನೆಯ ಶಾಖವೂ ಸೋರಿ ಹೊರಹಲಗೆಯನ್ನು ಒಣಗಿಸುತ್ತಿತ್ತು. ಉಣ್ಣೆ ತುಂಬಿದ ಮೇಲೆ ಶಾಖ ಒಳಗೇ ನಿಂತಿತು. ಹೊರಹಲಗೆ ಮಂಜಿನಷ್ಟು ತಣ್ಣಗಾಯಿತು. ಆವಿ ಅಲ್ಲಿಗೆ ಹೋಗಿ ನೀರಾಗಿ, ಹಿಮವಾಗಿ ಕೂಡತೊಡಗಿತು. ವಸಂತದಲ್ಲಿ ಅದು ಕರಗಿದಾಗ ಮರ ಕೊಳೆಯಿತು, ಬೂಷ್ಟು ಹಿಡಿಯಿತು. ಗೋಡೆಯನ್ನು ಬೆಚ್ಚಗೆ ಮಾಡಲು ಹೋಗಿ ಗೋಡೆಯನ್ನೇ ನೆನೆಸಿದಂತಾಯಿತು. ಆವಿಯನ್ನು ತಡೆಯುವ ಪದರವೊಂದನ್ನು ಗೋಡೆಯ ಬೆಚ್ಚನೆಯ ಮಗ್ಗುಲಿನಲ್ಲಿ, ಅಂದರೆ ಚಳಿನಾಡಿನಲ್ಲಿ ಒಳಮಗ್ಗುಲಿನಲ್ಲಿ, ಹಾಕಬೇಕೆಂಬ ನಿಯಮ ಹುಟ್ಟಿದ್ದು ಈ ಅನುಭವದಿಂದ. ಇಂದು ಅದಕ್ಕೆ ಪಾಲಿಥೀನ್ ಹಾಳೆ ಬಳಸುತ್ತಾರೆ. ಇದೇ ನಿಯಮವನ್ನು ಸೆಕೆಯ ನಾಡಿನ ಎ.ಸಿ. ಕೋಣೆಗೆ ಹಾಗೆಯೇ ಒಯ್ದರೆ ಕೆಡುತ್ತದೆ. ಅಲ್ಲಿ ಬೆಚ್ಚನೆಯ ಮಗ್ಗುಲು ಹೊರಗಿನದು. ನಿಯಮವನ್ನು ಕಂಠಪಾಠ ಮಾಡಬೇಡಿ, ಅದರ ಕಾರಣವನ್ನು ತಿಳಿದುಕೊಳ್ಳಿ ಎಂದು ನಾನು ಹೇಳುತ್ತಿದ್ದುದು ಇದಕ್ಕೇ.

ಇಲ್ಲಿಂದ ಮುಂದಿನ ಅಧ್ಯಾಯ ದುಃಖದ್ದು. ಮೊಂಟಾನ ರಾಜ್ಯದ ಲಿಬ್ಬಿ ಎಂಬ ಊರಿನ ಬಳಿ ವರ್ಮಿಕ್ಯುಲೈಟ್ ಎಂಬ ಖನಿಜದ ಗಣಿಯಿತ್ತು. ಭತ್ತ ಅರಳಾಗುವಂತೆ ಈ ಖನಿಜವು ಕಾಯಿಸಿದಾಗ ಅರಳಿ ಹಗುರಾಗುತ್ತದೆ; ಅರಳಿದ ಪದರಗಳ ನಡುವೆ ಗಾಳಿ ನಿಲ್ಲುತ್ತದೆ. ‘ಜೋನೊಲೈಟ್’ ಎಂಬ ಹೆಸರಿನಲ್ಲಿ ಚೀಲಗಳಲ್ಲಿ ಮಾರುತ್ತಿದ್ದ ಅದನ್ನು ಮನೆಯ ಯಜಮಾನನೇ ಅಟ್ಟದ ಮೇಲೆ ಸುರಿದು ಹರಡಬಹುದಾಗಿತ್ತು. ಆದರೆ ಆ ಗಣಿಯ ಅದಿರಿನಲ್ಲಿ ಕಲ್ನಾರು, ಅಂದರೆ ಆಸ್ಬೆಸ್ಟಾಸ್, ಬೆರೆತಿತ್ತು. ಗಣಿಯ ಕಾರ್ಮಿಕರು, ಅವರ ಬಟ್ಟೆ ಒಗೆದ ಹೆಂಡಂದಿರು, ಅಲ್ಲಿ ಆಡಿದ ಮಕ್ಕಳು ಶ್ವಾಸಕೋಶದ ರೋಗಗಳಿಗೆ ತುತ್ತಾದರು. 1990ರಲ್ಲಿ ಗಣಿ ಮುಚ್ಚಿತು. 1999ರಲ್ಲಿ ಸಿಯಾಟಲ್ ನಗರದ ಪತ್ರಿಕೆಯೊಂದು ವಿಷಯವನ್ನು ಬಯಲಿಗೆಳೆಯಿತು. 2009ರಲ್ಲಿ ಅಮೆರಿಕದ ಪರಿಸರ ಸಂರಕ್ಷಣಾ ಸಂಸ್ಥೆಯು ಅಲ್ಲಿ ಸಾರ್ವಜನಿಕ ಆರೋಗ್ಯದ ತುರ್ತುಸ್ಥಿತಿಯನ್ನು ಘೋಷಿಸಿತು. ಅದೇ ಸಂಸ್ಥೆಯ ಪ್ರಕಾರ 1919ರಿಂದ 1990ರವರೆಗೆ ಅಮೆರಿಕದಲ್ಲಿ ಮಾರಾಟವಾದ ವರ್ಮಿಕ್ಯುಲೈಟಿನಲ್ಲಿ ಶೇಕಡ 70ಕ್ಕೂ ಹೆಚ್ಚು ಲಿಬ್ಬಿಯದು. ಎಷ್ಟೋ ಮನೆಗಳ ಅಟ್ಟದಲ್ಲಿ ಅದು ಇಂದಿಗೂ ಇದೆ. ಹಳೆಯ ಮನೆ ಕೊಂಡವರಿಗೆ ಹಳದಿ-ಕಂದು ಮಿಶ್ರಿತ, ಮಿನುಗುವ ಹರಳುಗಳು ಕಂಡರೆ ಅದನ್ನು ಕೆದಕಬಾರದು, ತಿಳಿದವರನ್ನು ಕರೆಸಬೇಕು.

1973ರಲ್ಲಿ ತೈಲದ ಬಿಕ್ಕಟ್ಟು ಬಂದಾಗ ಮನೆಗಳನ್ನು ಬೆಚ್ಚಗಿಡುವುದು ರಾಷ್ಟ್ರದ ಕಾರ್ಯವಾಯಿತು. ಕೆನಡಾ ಸರ್ಕಾರ 1977ರಲ್ಲಿ ಮನೆಗಳ ಇನ್ಸುಲೇಷನ್ನಿಗೆ ಸಹಾಯಧನದ ಯೋಜನೆಯನ್ನು ಆರಂಭಿಸಿತು. ಗೋಡೆಗೆ ತೂತು ಕೊರೆದು ಒಳಗೆ ನೊರೆಯಂತೆ ತುಂಬುವ, ಯೂರಿಯಾ-ಫಾರ್ಮಾಲ್ಡಿಹೈಡ್ ಎಂಬ ವಸ್ತುವಿಗೂ ಆ ಸಹಾಯಧನ ದೊರೆಯಿತು. ಕಣ್ಣುರಿ, ಉಸಿರಿನ ತೊಂದರೆಗಳ ದೂರುಗಳು ಬಂದ ಮೇಲೆ 1980ರ ಡಿಸೆಂಬರಿನಲ್ಲಿ ಅದೇ ಸರ್ಕಾರ ಅದನ್ನು ನಿಷೇಧಿಸಿತು. ಮುಂದೆ ಕ್ವಿಬೆಕ್ಕಿನಲ್ಲಿ ವರ್ಷಗಟ್ಟಲೆ ನಡೆದ ಮೊಕದ್ದಮೆಯಲ್ಲಿ, 1991ರಲ್ಲಿ, ಮನೆಯೊಡೆಯರ ದಾವೆ ವಜಾ ಆಯಿತು. ಆದರೆ ಅಷ್ಟರಲ್ಲಿ ಆ ಮನೆಗಳು ಮಾರುಕಟ್ಟೆಯಲ್ಲಿ ಬೆಲೆ ಕಳೆದುಕೊಂಡಿದ್ದವು. ಹಲವರು ಗೋಡೆಗಳನ್ನು ಒಡೆಸಿ ಸಾಲಗಾರರಾಗಿದ್ದರು. ಸರ್ಕಾರದ ಮಾತನ್ನು ನಂಬಿ ಒಳ್ಳೆಯದನ್ನೇ ಮಾಡಲು ಹೊರಟ ಸಂಸಾರಗಳವು.

ಅದೇ 1977ರಲ್ಲಿ, ಮೈನಸ್ 30 ಡಿಗ್ರಿಗೂ ಕೆಳಗಿಳಿಯುವ ಸಸ್ಕಾಚೆವಾನ್ ಪ್ರಾಂತದ ರೆಜೈನಾ ನಗರದಲ್ಲಿ ಪ್ರಾಯೋಗಿಕ ಮನೆಯೊಂದನ್ನು ಕಟ್ಟಿದರೆಂಬುದನ್ನೂ ಹೇಳಬೇಕು. ಸಾಮಾನ್ಯಕ್ಕಿಂತ ಬಹಳ ದಪ್ಪದ ಗೋಡೆ, ಗಾಳಿ ಸೋರದ ಸಂದುಗಳು, ಹೊರಹೋಗುವ ಗಾಳಿಯ ಶಾಖವನ್ನು ಒಳಬರುವ ಗಾಳಿಗೆ ದಾಟಿಸುವ ಉಪಕರಣ ಇವಿಷ್ಟರಿಂದ ಆ ಮನೆಗೆ ಮಾಮೂಲಿನ ದೊಡ್ಡ ಕುಲುಮೆಯೇ ಬೇಕಾಗಲಿಲ್ಲ. ಬೆಚ್ಚಗೆ ಮಾಡುವುದಕ್ಕಿಂತ ಬೆಚ್ಚಗಿರುವುದನ್ನು ಉಳಿಸಿಕೊಳ್ಳುವುದೇ ಅಗ್ಗವೆಂದು ಅದು ತೋರಿಸಿತು.

ಇನ್ನು ನಿಮ್ಮ ಗ್ಯಾರೇಜಿಗೆ ಬರೋಣ. ಎರಡನೆಯ ಮಹಾಯುದ್ಧದ ನಂತರ ಗ್ಯಾರೇಜು ಹಿತ್ತಲಿನಿಂದ ಮೆಲ್ಲಗೆ ಸರಿದು ಮನೆಯ ಮಗ್ಗುಲಿಗೇ ಅಂಟಿಕೊಂಡಿತು. ಹಳಬರು ದೂರದಲ್ಲಿಟ್ಟಿದ್ದ ಬೆಂಕಿಯ ಭಯವೂ ಹೊಗೆಯ ಭಯವೂ ಅದರೊಂದಿಗೆ ಮನೆಯ ಗೋಡೆಯವರೆಗೆ ಬಂದವು. ಅಲ್ಲಿನ ಕಟ್ಟಡದ ನಿಯಮಗಳು ನಿಮಗೆ ಕಿರುಕುಳವೆಂದು ತೋರಬಹುದು. ಈ ಚರಿತ್ರೆ ತಿಳಿದರೆ ಒಂದೊಂದರ ಹಿಂದೆಯೂ ಯಾರದೋ ನೋವು ಕಾಣುತ್ತದೆ. ಮನೆಗೂ ಗ್ಯಾರೇಜಿಗೂ ನಡುವಣ ಗೋಡೆ, ಬಾಗಿಲುಗಳ ಸಂದುಗಳನ್ನು ಮೊದಲು ಮುಚ್ಚಬೇಕು ಎನ್ನುವುದು ಹೊಗೆ ಮಲಗುವ ಕೋಣೆಗೆ ನುಸುಳದಿರಲೆಂದು. ಉಣ್ಣೆ ತುಂಬಿದ ಮೇಲೆ ಪಾಲಿಥೀನ್ ಹಾಳೆಯನ್ನು ಒಳಮಗ್ಗುಲಿಗೆ ಹರಡುವುದು ಮಿನೆಸೋಟದ ಪ್ರಾಧ್ಯಾಪಕರು ಕಲಿಸಿದ ಪಾಠ. ಅದರ ಮೇಲೆ ಜಿಪ್ಸಮ್ ಹಲಗೆ ಹೊಡೆಯುವುದು ಕೇವಲ ಅಂದಕ್ಕಲ್ಲ. 1894ರಲ್ಲಿ ಆಗಸ್ಟೀನ್ ಸ್ಯಾಕೆಟ್ ಎಂಬಾತ ಪೇಟೆಂಟ್ ಪಡೆದ ಹಲಗೆಯ ವಂಶದ್ದು ಅದು. ಜಿಪ್ಸಮ್ ತನ್ನ ತೂಕದ ಸುಮಾರು ಐದನೆಯ ಒಂದು ಭಾಗದಷ್ಟು ನೀರನ್ನು ಹರಳಿನೊಳಗೆ ಹಿಡಿದಿಟ್ಟುಕೊಂಡಿರುತ್ತದೆ. ಬೆಂಕಿ ತಗುಲಿದಾಗ ಆ ನೀರು ಆವಿಯಾಗಿ ಹೊರಟು, ಮನೆಯವರು ಹೊರಗೆ ಓಡಲು ಬೇಕಾದ ಸಮಯವನ್ನು ಕೊಡುತ್ತದೆ. ಪ್ಲಾಸ್ಟಿಕ್ ನೊರೆಯ ಹಲಗೆಗಳನ್ನು ಮುಚ್ಚದೆ ಹಾಗೇ ಬಿಡಬಾರದೆಂಬ ನಿಯಮವೂ ಬೆಂಕಿಯ ಕಾರಣದಿಂದಲೇ. ಗೋಡೆಗೆ ಎಷ್ಟು ತುಂಬಿದರೂ ದೊಡ್ಡ ಬಾಗಿಲಿನ ಅಡಿಯ ರಬ್ಬರು ಪಟ್ಟಿ ಹರಿದಿದ್ದರೆ ತೂತಿನ ಕೊಡಕ್ಕೆ ನೀರು ಹೊತ್ತಂತೆ. ಒಳಗೆ ಒಲೆಯನ್ನಾಗಲಿ ಹೀಟರನ್ನಾಗಲಿ ಇಡುವ ಮುನ್ನ ಊರಿನ ಕಟ್ಟಡ ಕಚೇರಿಯಲ್ಲಿ ವಿಚಾರಿಸಿ. ಮನೆಯೊಳಗೆ ಕಾರ್ಬನ್ ಮಾನಾಕ್ಸೈಡ್ ಎಚ್ಚರಿಕೆಯ ಗಂಟೆ ಇರಲಿ. ದೊಡ್ಡ ಬಾಗಿಲು ತೆರೆದಿದ್ದರೂ ಗಾಡಿಯನ್ನು ಒಳಗೆ ಚಾಲೂ ಬಿಟ್ಟು ಬಿಸಿ ಮಾಡಬೇಡಿ. ಹೆಂಡರ್ಸನ್ ಬರೆದು ನೂರು ವರ್ಷ ದಾಟಿದರೂ ಆ ಅನಿಲದ ಸ್ವಭಾವ ಬದಲಾಗಿಲ್ಲ.

ಲಿಬ್ಬಿಯ ಹರಳನ್ನು ಅಟ್ಟಕ್ಕೆ ಸುರಿದವನು ದುಷ್ಟನಲ್ಲ. ಹೆಂಡತಿ ಮಕ್ಕಳಿಗೆ ಚಳಿಯಾಗದಿರಲೆಂದು ಸುರಿದವನು. ಅವನಿಗೆ ತಿಳಿದಿರಲಿಲ್ಲ, ಅಷ್ಟೆ. ಗೋಡೆಯ ವಿಷಯದಲ್ಲಿ ಕಷ್ಟವೇನೆಂದರೆ, ಮುಚ್ಚಿದ ಮೇಲೆ ಅದು ಮಾತನಾಡುವುದಿಲ್ಲ. ತುಂಬಿದವನು ಮನೆ ಮಾರಿ ಹೋಗಿರುತ್ತಾನೆ, ಉಸಿರಾಡುವವನು ಇನ್ನೊಬ್ಬನಾಗಿರುತ್ತಾನೆ. ಮೂವತ್ತು ವರ್ಷ ಮಕ್ಕಳ ಮುಂದೆ ನಿಂತ ನನಗೆ ಇದು ತೀರ ಅಪರಿಚಿತ ವಿಷಯವೆನಿಸುವುದಿಲ್ಲ. ನಾವು ಒಳಗೆ ತುಂಬಿದ್ದು ಹೊರಗೆ ಕಾಣುವ ಹೊತ್ತಿಗೆ ನಾವು ಅಲ್ಲಿರುವುದಿಲ್ಲ.

ಆದ್ದರಿಂದ ನಿಮ್ಮಲ್ಲಿ ಈ ವರ್ಷ ಗ್ಯಾರೇಜಿನ ಕೆಲಸ ಹಿಡಿದಿರುವವರಿಗೆ ನನ್ನದೊಂದು ಸೂಚನೆ. ಜಿಪ್ಸಮ್ ಹಲಗೆ ಹೊಡೆಯುವ ಮುನ್ನ ತೆರೆದ ಗೋಡೆಗಳ ಛಾಯಾಚಿತ್ರ ತೆಗೆದಿಟ್ಟುಕೊಳ್ಳಿ. ಯಾವ ವಸ್ತು, ಯಾವ ಕಂಪನಿಯದು, ಯಾವ ವರ್ಷ, ಎಷ್ಟು ದಪ್ಪ, ವಿದ್ಯುತ್ತಿನ ತಂತಿ ಎಲ್ಲೆಲ್ಲಿ ಹಾದಿದೆ ಎಂಬುದನ್ನು ಒಂದು ಹಾಳೆಯಲ್ಲಿ ಸ್ಪಷ್ಟವಾಗಿ ಬರೆದು, ವಿದ್ಯುತ್ ಪೆಟ್ಟಿಗೆಯ ಪಕ್ಕದಲ್ಲಿ ಒಂದು ಲಕೋಟೆಯೊಳಗೆ ಅಂಟಿಸಿರಿ. ನಾಳೆ ಆ ಮನೆಗೆ ಬರುವವರು ನಿಮ್ಮ ಹೆಸರನ್ನು ತಿಳಿಯದಿರಬಹುದು. ಗೋಡೆಯೊಳಗೆ ಏನಿದೆಯೆಂಬುದನ್ನಾದರೂ ತಿಳಿಯಲಿ. ಚಳಿಗಾಲ ನಿಮಗೆಲ್ಲ ಸುಖವಾಗಿ ಕಳೆಯಲಿ.